ದಾವಣಗೆರೆಯಿಂದ ಬೆಳಗಾವಿವರೆಗೆ ಉಂಡು ಬರುವವರಿಗೆ: ಬೋರ್ಡ್‌ಗಿಂತ ಹೊತ್ತು ಮುಖ್ಯ

ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ ನಾಲ್ಕೂ ಊರು ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಸಿಗುತ್ತವೆ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 265 ಕಿ.ಮೀ., ಅಲ್ಲಿಂದ ಹುಬ್ಬಳ್ಳಿಗೆ 145ರಷ್ಟು, ಹುಬ್ಬಳ್ಳಿ–ಧಾರವಾಡ 20, ಧಾರವಾಡ–ಬೆಳಗಾವಿ 75ರಿಂದ 80. ಬರೀ ಊಟಕ್ಕೆಂದೇ ಹೊರಡುವವರಿಗೆ ಹೇಳಿ ಮಾಡಿಸಿದ ದಾರಿ. ಆದರೂ ಮೊಬೈಲಿನಲ್ಲಿ ಹೆಸರು ಹುಡುಕಿ, ಸಿಕ್ಕ ಹೊತ್ತಿಗೆ ಹೋಗಿ ಕೂತು, 'ಮೊದಲಿನ ರುಚಿ ಉಳಿದಿಲ್ಲ' ಅಂತ ಗೊಣಗಿಕೊಂಡು ಬರುವವರು ಬೇಕಾದಷ್ಟು ಜನ. ರುಚಿ ಕೆಲವು ಕಡೆ ಕೆಟ್ಟಿರುವುದು ನಿಜ. ಆದರೆ ಬೆಣ್ಣೆ ದೋಸೆಯನ್ನು ಮಧ್ಯಾಹ್ನ ಹನ್ನೆರಡಕ್ಕೂ ಜೋಳದ ರೊಟ್ಟಿಯನ್ನು ಮೂರು ಗಂಟೆಗೂ ತಿಂದವರ ದೂರನ್ನು ಅರ್ಧಕ್ಕರ್ಧ ತಳ್ಳಿಹಾಕಬಹುದು.

ಎರಡು ರಾತ್ರಿ ಇಟ್ಟುಕೊಂಡರೆ ಸಾಕು. ಮೊದಲ ದಿನ ಬೆಳಗ್ಗೆ ದಾವಣಗೆರೆ, ಸಂಜೆ ಹುಬ್ಬಳ್ಳಿ. ಎರಡನೇ ದಿನ ಮಧ್ಯಾಹ್ನದ ರೊಟ್ಟಿ ಊಟ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಮುಗಿಸಿ, ರಾತ್ರಿ ಬೆಳಗಾವಿ. ರೈಲಿನವರಿಗೆ ಬೆಂಗಳೂರು–ಧಾರವಾಡ ವಂದೇ ಭಾರತ್ ಅನುಕೂಲ. 2023ರ ಜೂನ್‌ನಿಂದ ಓಡುತ್ತಿರುವ ಈ ಗಾಡಿ ಬೆಳಗ್ಗೆ ಆರಕ್ಕೆ ಮುಂಚೆಯೇ ಬೆಂಗಳೂರು ಬಿಟ್ಟು, ಒಂಬತ್ತು ದಾಟಿದ ಮೇಲೆ ದಾವಣಗೆರೆ ಸೇರುತ್ತದೆ. ದೋಸೆಗೆ ಸರಿಯಾದ ಹೊತ್ತು. ಕಾರಿನವರು ಅದೇ ಹೊತ್ತಿಗೆ ತಲುಪಬೇಕೆಂದರೆ ನಾಲ್ಕೂವರೆಗೆ ಹೊರಡಬೇಕು. ತುಮಕೂರಿನ ಹತ್ತಿರ ಇಡ್ಲಿಗೆ ನಿಲ್ಲಿಸಬೇಡಿ, ಹೊಟ್ಟೆಯಲ್ಲಿ ಜಾಗ ಇರಲಿ.

ದಾವಣಗೆರೆಯಲ್ಲಿ 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬುವರು ರಾಗಿ ದೋಸೆ ಮಾರುತ್ತಿದ್ದರು, ಮುಂದೆ ಅವರ ಮಕ್ಕಳು ಅಕ್ಕಿ ಹಿಟ್ಟಿಗೂ ಬೆಣ್ಣೆಗೂ ಬದಲಾಯಿಸಿದರು ಅಂತ ಊರಲ್ಲಿ ಹೇಳುತ್ತಾರೆ. ಇವತ್ತು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಇಲ್ಲದ ಊರೇ ಇಲ್ಲ, ದಾವಣಗೆರೆಯ ಒಳಗೂ ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಒಳಗೆ ಕೂರುವ ಮುಂಚೆ ಹಂಚಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ದಪ್ಪ ಕಬ್ಬಿಣದ ಹಂಚು, ಕೆಳಗೆ ಸೌದೆ ಉರಿ ಇದ್ದರೆ ಒಳ್ಳೆಯ ಲಕ್ಷಣ: ಉರಿ ಹಂಚಿನ ತುಂಬ ಹರಡಿ, ದೋಸೆ ನಡುವೆಯೂ ಅಂಚಿನಲ್ಲೂ ಒಂದೇ ಸಮ ಕೆಂಪಗಾಗುತ್ತದೆ. ಗ್ಯಾಸಿನ ಒಲೆಯಲ್ಲಿ ನಡುಭಾಗ ಕಪ್ಪಾಗಿ ಅಂಚು ಬಿಳಿಚಿಕೊಂಡಿರುವುದು ಹೆಚ್ಚು.

ಇನ್ನೊಂದು ಬೆಣ್ಣೆ. ಬೆಣ್ಣೆಯಲ್ಲಿ ನೀರಿನ ಅಂಶ ಇರುವುದರಿಂದ ಬಿಸಿ ಹಂಚಿಗೆ ಬಿದ್ದ ಕೂಡಲೇ ಚುರ್ ಎಂದು ನೊರೆಯೇಳುತ್ತದೆ, ಆಮೇಲೆ ದೋಸೆಯ ತಳದಲ್ಲಿ ಸಣ್ಣ ಕಂದು ಚುಕ್ಕೆಗಳು ಮೂಡುತ್ತವೆ. ಡಾಲ್ಡಾ ಸದ್ದಿಲ್ಲದೆ ಕರಗುತ್ತದೆ. ಬೆರಕೆಯಿದ್ದರೆ ದೋಸೆ ಆರುತ್ತಿದ್ದಂತೆ ಅಂಗುಳಿಗೆ ಮೇಣ ಹಚ್ಚಿದ ಹಾಗಾಗುತ್ತದೆ. ಬೆಣ್ಣೆಯ ದರ ಏರಿದಂತೆಲ್ಲ ಮೊದಲು ಕತ್ತರಿ ಬೀಳುವುದು ಇಲ್ಲಿಗೇ. ಪಲ್ಯದ ಬಣ್ಣವೂ ಒಂದು ಗುರುತು: ಬೆಣ್ಣೆ ದೋಸೆಯ ಆಲೂ ಪಲ್ಯಕ್ಕೆ ಅರಿಶಿನ ಹಾಕುವುದಿಲ್ಲ. ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸು, ಉಪ್ಪು ಅಷ್ಟೇ. ಜೊತೆಗೆ ತೆಂಗಿನಕಾಯಿ ಚಟ್ನಿ. ಸಾಂಬಾರ್ ಬಟ್ಟಲು ಮುಂದಿಟ್ಟರೆ ನೀವು ಬೇರೆ ಬಗೆಯ ಹೋಟೆಲಿಗೆ ಬಂದಿದ್ದೀರಿ ಎಂದರ್ಥ. ಮೊದಲ ಸಲ ಹೋಗುವವರು ಒಂದು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ ಹಂಚಿಕೊಳ್ಳಿ. ಓಪನ್ ದೋಸೆಯ ಮೇಲೆ ಚಟ್ನಿಪುಡಿ ಉದುರಿಸುವುದರಿಂದ ಬೆಣ್ಣೆಯ ರುಚಿ ಅದರಡಿ ಮುಚ್ಚಿಹೋಗುತ್ತದೆ.

ಮನೆಯಲ್ಲಿ ಮಾಡುವವರಿಗೆ ಅಳತೆ: ದೋಸೆ ಅಕ್ಕಿ ನಾಲ್ಕು ಲೋಟ, ಉದ್ದಿನಬೇಳೆ ಒಂದು ಲೋಟ, ಮೆಂತ್ಯ ಒಂದು ಚಮಚ ಐದಾರು ಗಂಟೆ ನೆನೆಸಿ. ಅರೆಯುವ ಹತ್ತು ನಿಮಿಷ ಮುಂಚೆ ಎರಡು ಲೋಟ ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ ಸೇರಿಸಿ. ಮೇಲೆ ಗರಿ, ಒಳಗೆ ಹತ್ತಿಯ ಮೆದು ಬರುವುದು ಈ ಮಂಡಕ್ಕಿಯಿಂದ. ಹಿಟ್ಟನ್ನು ತೆಳುವಾಗಿ ಎಳೆಯಬೇಡಿ. ಮೇಲ್ಭಾಗದಲ್ಲಿ ತೂತು ಬಿದ್ದು ತೇವ ಆರಿದ ಮೇಲೆಯೇ ಬೆಣ್ಣೆ ಹಾಕಬೇಕು. ಹಸಿ ಹಿಟ್ಟಿನ ಮೇಲೆ ಹಾಕಿದರೆ ಬೆಣ್ಣೆ ಒಳಗಿಳಿದು ದೋಸೆ ಜಿಡ್ಡಾಗುತ್ತದೆ, ಗರಿ ಬರುವುದಿಲ್ಲ. ಪ್ಯಾಕೆಟ್ಟಿನ ಹಳದಿ ಉಪ್ಪು ಬೆಣ್ಣೆ ಬೇಡ, ಉಪ್ಪಿಲ್ಲದ ಬಿಳಿ ಬೆಣ್ಣೆಯೇ ಆಗಬೇಕು.

ಸಂಜೆಯವರೆಗೆ ದಾವಣಗೆರೆಯಲ್ಲೇ ಇದ್ದರೆ ಮಂಡಕ್ಕಿ–ಮೆಣಸಿನಕಾಯಿ (ಅಂದರೆ ಮೆಣಸಿನಕಾಯಿ ಬಜ್ಜಿ) ಬಿಡಬೇಡಿ. ಮಂಡಕ್ಕಿ ಭಟ್ಟಿಗಳ ಊರು ಅದು, ಮಂಡಕ್ಕಿ ಅಲ್ಲಿ ಹಳಸಿರುವುದಿಲ್ಲ.

ಕಾರಿನಲ್ಲಿ ಮುಂದೆ ಹೋಗುವವರು ಹಾವೇರಿಗೆ ಮುಂಚೆ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ಹೋಗಿ ಬರಬಹುದು. 2011ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರಲ್ಲಿ ಎರಡು ಬಗೆ: ಡಬ್ಬಿ ಅಂದರೆ ಗಿಡ್ಡ, ಉಬ್ಬಿದ್ದು. ಕಡ್ಡಿ ಅಂದರೆ ಉದ್ದ, ಸುಕ್ಕುಗಟ್ಟಿದ್ದು. ಮನೆಯ ಖಾರದಪುಡಿಗೆ ಎರಡೂ ನಡೆಯುತ್ತವೆ. ಕೊಳ್ಳುವಾಗ ಒಂದನ್ನು ಮುರಿದು ನೋಡಿ, ಸುಕ್ಕು ಆಳವಾಗಿದ್ದು ಬಣ್ಣ ಕಡುಗೆಂಪಿರಲಿ. ನುಣುಪಾಗಿ ಮಿರಮಿರ ಮಿಂಚುವ ಕಾಯಿ ಬ್ಯಾಡಗಿ ತಳಿಯಲ್ಲ. ಹೊಸ ಮಾಲು ಜನವರಿಯಿಂದ ಬೇಸಿಗೆವರೆಗೆ ಬರುತ್ತದೆ. ಮಳೆಗಾಲದಲ್ಲಿ ಹೋದರೆ ಶೀತಲಗೃಹದ ಕಾಯಿಯೇ ಗತಿ.

ಹುಬ್ಬಳ್ಳಿಯಲ್ಲಿ ಸಂಜೆ ಆರರ ನಂತರ ತಿಂಡಿ ಗಾಡಿಗಳ ಜಾಗ ದುರ್ಗದ ಬೈಲ್‌ಗೆ ಹೋಗಿ. ಅಲ್ಲಿನ ಮಂಡಕ್ಕಿ ತಿಂಡಿ ಗಿರ್ಮಿಟ್ ಅನ್ನು ಪಾರ್ಸೆಲ್ ಕೊಂಡೊಯ್ಯುವ ಯೋಚನೆ ಮಾಡಬೇಡಿ. ಹುಣಸೆ, ಬೆಲ್ಲ, ಉಳ್ಳಾಗಡ್ಡಿ ಕುದಿಸಿದ ಗೊಜ್ಜು ಮಂಡಕ್ಕಿಗೆ ಬಿದ್ದ ಐದು ನಿಮಿಷಕ್ಕೆ ಎಲ್ಲ ಮೆತ್ತಗಾಗುತ್ತದೆ. ಪುಟಾಣಿ ಹಿಟ್ಟು ಕಂಜೂಸಿಯಿಲ್ಲದೆ ಹಾಕಿದ್ದರೆ ಗೊಜ್ಜಿನ ನೀರನ್ನು ಅದು ಹೀರಿಕೊಂಡು ಇನ್ನೆರಡು ನಿಮಿಷ ತಡೆಯುತ್ತದೆ. ಪಕ್ಕಕ್ಕೆ ಮಿರ್ಚಿ ಬೇಕೇ ಬೇಕು, ಬಾಣಲೆಯಿಂದ ಆಗಷ್ಟೇ ಎತ್ತಿದ್ದನ್ನೇ ಕೇಳಿ ತೆಗೆದುಕೊಳ್ಳಿ.

ಇನ್ನು ಖಾನಾವಳಿ. ಈ ಪ್ರವಾಸದ ತಿರುಳೇ ಇದು, ಗುಣಮಟ್ಟ ಹೆಚ್ಚು ಏರುಪೇರಾಗಿರುವುದೂ ಇಲ್ಲೇ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಬಿಸಿನೀರಿನಲ್ಲಿ ಬೆಂದ ಪಿಷ್ಟವೇ ಅದನ್ನು ಹಿಡಿದಿಡಬೇಕು, ಆರಿದ ಮೇಲೆ ಅದೇ ಪಿಷ್ಟ ಗಡುಸಾಗುತ್ತದೆ. ಹಾಗಾಗಿ ಬಿಸಿ ರೊಟ್ಟಿಗೆ ಇರುವ ಆಯಸ್ಸೇ ಹತ್ತು ಹದಿನೈದು ನಿಮಿಷ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ, ರಾತ್ರಿಯಾದರೆ ಎಂಟರಿಂದ ಒಂಬತ್ತರೊಳಗೆ ಹೋಗಿ. ಜನ ತುಂಬಿರುವಾಗಲೇ ಬಡಿಯುವವರ ಕೈ ಓಡುತ್ತಿರುತ್ತದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿದರೆ ಕೂತುಬಿಡಿ. ಕೇಳದಿದ್ದರೆ 'ಅಕ್ಕಾರ, ಬಿಸಿ ರೊಟ್ಟಿ ಅದಾವೇನ್ರಿ?' ಅಂತ ಮೊದಲೇ ವಿಚಾರಿಸಿ. 'ಐದ್ ನಿಮಿಷ ಕುಂದರ್ರಿ, ಮಾಡಿ ಕೊಡ್ತೀವಿ' ಎಂಬ ಉತ್ತರ ಬಂದರೆ ಆ ಖಾನಾವಳಿಯನ್ನು ನಂಬಬಹುದು. ಸುತ್ತಲೂ ಕತ್ತರಿಸಿದ ಹಾಗೆ ಗುಂಡಗಿದ್ದು, ಎಲ್ಲ ಕಡೆ ಒಂದೇ ದಪ್ಪವಾಗಿದ್ದರೆ ಅದು ಮೆಷಿನ್ ರೊಟ್ಟಿ. ತಪ್ಪೇನಿಲ್ಲ, ಆದರೆ ಅದು ಸರಿಯಾಗಿ ಉಬ್ಬುವುದಿಲ್ಲ. ಹರಿದಾಗ ರಬ್ಬರಿನಂತೆ ಎಳೆದರೆ ಹಿಟ್ಟಿಗೆ ಮೈದಾನೋ ಗೋಧಿನೋ ಬೆರೆತಿದೆ. ಬರೀ ಜೋಳದ ರೊಟ್ಟಿ ಎಳೆಯುವುದಿಲ್ಲ, ಮುರಿಯುತ್ತದೆ.

ಎಣ್ಣೆಗಾಯಿಯಲ್ಲೂ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಮೊದಲು ಕುಸುಬಿ ಎಣ್ಣೆ, ಹುರಿದ ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಒಣಕೊಬ್ಬರಿ ಅದರ ಜೀವ. ಕುಸುಬಿ ತುಟ್ಟಿಯಾಗಿ ರಿಫೈನ್ಡ್ ಎಣ್ಣೆ ಬಂತು, ಗುರೆಳ್ಳು ಮಾಯವಾಯಿತು. ಈಗ ಹಲವು ಕಡೆ ಬೆಳಗ್ಗೆಯೇ ಒಂದು ಪಾತ್ರೆ ಗ್ರೇವಿ ಮಾಡಿಟ್ಟು, ಬದನೆಗೂ ಅದೇ, ಪನೀರಿಗೂ ಅದೇ. ಪರೀಕ್ಷೆ ಸುಲಭ: ಬದನೆಯನ್ನು ಬಿಡಿಸಿ ನೋಡಿ. ಮಸಾಲೆ ಹೋಳುಗಳ ನಡುವೆ ತುಂಬಿಕೊಂಡಿದ್ದರೆ ಎಣ್ಣೆಗಾಯಿ. ಒಳಗೆ ಬೆಳ್ಳಗಿದ್ದು ಹೊರಗಷ್ಟೇ ರಸ ಇದ್ದರೆ ಕರಿದ ಬದನೆಯನ್ನು ಗ್ರೇವಿಗೆ ಅದ್ದಿದ್ದಾರೆ. ಮೆನು ಕಾರ್ಡು ಉದ್ದವಾದಷ್ಟೂ ಈ ಅಪಾಯ ಹೆಚ್ಚು. ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ರೊಟ್ಟಿ ಊಟ ಮೂರೂ ಒಂದೇ ಕಾರ್ಡಿನಲ್ಲಿದ್ದರೆ ಮುಂದಿನ ಖಾನಾವಳಿಗೆ ನಡೆಯಿರಿ.

ಊಟಕ್ಕೊಂದು ಕ್ರಮವಿದೆ. ಮೊದಲ ರೊಟ್ಟಿ ಬಂದ ಕೂಡಲೇ ಶೇಂಗಾ ಹಿಂಡಿ (ಚಟ್ನಿಪುಡಿ), ಕೆನೆಮೊಸರು, ಹಸಿ ಉಳ್ಳಾಗಡ್ಡಿ ಜೊತೆ ತಿನ್ನಿ. ಎರಡನೆಯದಕ್ಕೆ ಮಡಕಿ ಕಾಳು, ಎಣ್ಣೆಗಾಯಿ. ಖಾರ ತಲೆಗೇರಿದರೆ ನೀರು ಕುಡಿಯಬೇಡಿ, ಅದು ಖಾರವನ್ನು ಬಾಯಿತುಂಬ ಹರಡುತ್ತದೆ, ಮಜ್ಜಿಗೆ ತರಿಸಿ. ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಬಡಿಸಿದರೆ ಮೊದಲು ಬೆರಳ ತುದಿಯಷ್ಟೇ. ಮಾಂಸಾಹಾರಿಗಳಿಗೆ ಸಾವಜಿ ಖಾನಾವಳಿಗಳಿವೆ. ಅಲ್ಲಿನ ಮಟನ್ ಖಾರ ದಕ್ಷಿಣದವರ ಅಂದಾಜಿಗೆ ಸಿಗುವಂಥದ್ದಲ್ಲ, ಮಕ್ಕಳಿದ್ದರೆ ಬೇರೆ ಏನಾದರೂ ತರಿಸಿ.

ಮನೆಗಳಲ್ಲಿ ಮಾತ್ರ ರೊಟ್ಟಿಯ ಶಿಸ್ತು ಅಷ್ಟಾಗಿ ಸಡಿಲಗೊಂಡಿಲ್ಲ. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ (ಎಂ 35-1) ಸಿಕ್ಕರೆ ಬೇರೆ ಜೋಳ ಮುಟ್ಟುವುದಿಲ್ಲ. ಫೆಬ್ರವರಿ–ಮಾರ್ಚಿನಲ್ಲಿ ರಾಶಿಯಾಗುತ್ತದೆ. ಹಿಟ್ಟಿನ ಬದಲು ಕಾಳನ್ನೇ ಐದು ಕಿಲೋ ಕಟ್ಟಿಸಿಕೊಳ್ಳಿ, ಬೇಕಾದಷ್ಟನ್ನು ಆಗಾಗ ಗಿರಣಿಗೆ ಹಾಕಿಸಿ. ಬೀಸಿ ತಿಂಗಳಾದ ಹಿಟ್ಟಿಗೆ ಜಿಗಿ ಹೋಗಿರುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. 'ನಮಗೆ ರೊಟ್ಟಿ ಬರಲ್ಲ' ಅನ್ನುವವರಲ್ಲಿ ಹೆಚ್ಚಿನವರದ್ದು ಕೈಯ ತಪ್ಪಲ್ಲ, ಹಳೆ ಹಿಟ್ಟಿನ ತಪ್ಪು.

ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು. ಚಿಟಿಕೆ ಉಪ್ಪು ಹಾಕಿ ಕುದಿ ಬರಿಸಿ, ಹಿಟ್ಟಿನ ನಡುವೆ ಗುಳಿ ಮಾಡಿ ಮುಕ್ಕಾಲು ಪಾಲು ಸುರಿದು, ಸೌಟಿನ ಹಿಡಿಯಿಂದ ಕಲಸಿ ಐದು ನಿಮಿಷ ಮುಚ್ಚಿಡಿ. ಆಮೇಲೆ ಒಂದು ರೊಟ್ಟಿಗಾಗುವಷ್ಟೇ ಮುರಿದುಕೊಂಡು, ಉಳಿದ ನೀರನ್ನು ಚಿಮುಕಿಸುತ್ತ ಅಂಗೈ ಬುಡದಿಂದ ಒತ್ತಿ ನಾದಿ. ಎಲ್ಲವನ್ನೂ ಒಟ್ಟಿಗೆ ನಾದಿಟ್ಟರೆ ಕೊನೆಯ ಉಂಡೆಗಳು ಒಣಗಿ ಬಿರಿಯುತ್ತವೆ. ಮಣೆಗೆ ಒಣಹಿಟ್ಟು ಧಾರಾಳವಾಗಿ ಉದುರಿಸಿ, ಬಡಿಯುತ್ತ ರೊಟ್ಟಿ ತಾನೇ ತಿರುಗುವ ಹಾಗೆ ನೋಡಿಕೊಳ್ಳಿ. ತಿರುಗದೆ ನಿಂತರೆ ತಳಕ್ಕೆ ಹಿಟ್ಟು ಸಾಲದು. ಒಣಹಿಟ್ಟಿನ ಬದಿ ಮೇಲೆ ಬರುವ ಹಾಗೆ ಕಾದ ಹಂಚಿಗೆ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ಆ ನೀರು ಆರುತ್ತಿರುವಾಗಲೇ, ಪೂರ್ತಿ ಒಣಗುವ ಮುಂಚೆ ತಿರುವಬೇಕು. ತಡವಾದರೆ ಮೇಲೆ ಬಿರುಕು ಬಿಟ್ಟು ಹಬೆ ಸೋರಿಹೋಗಿ ರೊಟ್ಟಿ ಉಬ್ಬುವುದಿಲ್ಲ. ಕೊನೆಗೆ ಬಟ್ಟೆಯಿಂದ ಅಂಚು ಒತ್ತಿ, ಇಲ್ಲವೇ ಉರಿಗೆ ಹಿಡಿಯಿರಿ. ಇದನ್ನೇ ತೆಳ್ಳಗೆ ಬಡಿದು ಸಣ್ಣ ಉರಿಯಲ್ಲಿ ಒಣಗಿಸಿದರೆ ಕಟಕ್ ರೊಟ್ಟಿ. ತೇವ ತಾಗದಿದ್ದರೆ ತಿಂಗಳು ಇಡಬಹುದು.

ಯಾರಾದರೂ ಪರಿಚಯದವರು ಮನೆಗೆ ಕರೆದರೆ ಪ್ರವಾಸದ ದಿನವನ್ನೇ ಬದಲಾಯಿಸಿಕೊಳ್ಳಿ. ಶೀಗಿ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಹೊಲದಲ್ಲಿ ಚರಗ ಚೆಲ್ಲಿ (ಭೂತಾಯಿಗೆ ಎಡೆ ಹರಡಿ) ಉಣ್ಣುವ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಯಾವ ಖಾನಾವಳಿಯಲ್ಲೂ ಸಿಗುವುದಿಲ್ಲ.

ಹಿಂಡಿ ಕೊಳ್ಳುವುದಾದರೆ ಕುಟ್ಟಿದ್ದನ್ನೇ ಕೇಳಿ. ಮನೆಯಲ್ಲಾದರೆ ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಹತ್ತು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಬ್ಯಾಡಗಿ ಖಾರದಪುಡಿ, ಒಂದು ಚಮಚ ಜೀರಿಗೆ, ಉಪ್ಪು ಸೇರಿಸಿ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಓಡಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬೇಗ ಕಮಟು ವಾಸನೆ ಹಿಡಿಯುತ್ತದೆ. ಗುರೆಳ್ಳು ಹಿಂಡಿ ಇದಕ್ಕಿಂತ ಬೇಗ ಕೆಡುವುದರಿಂದ ಸ್ವಲ್ಪವೇ ತನ್ನಿ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ (ಬಿಆರ್‌ಟಿಎಸ್) ಬಸ್ಸು ಸಾಕು, ತಮ್ಮದೇ ಪ್ರತ್ಯೇಕ ದಾರಿಯಲ್ಲಿ ಓಡುವುದರಿಂದ ಟ್ರಾಫಿಕ್ ಗೋಳಿಲ್ಲ. ಧಾರವಾಡ ಪೇಡಾಕ್ಕೆ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಮೂಲ. ಲೈನ್ ಬಜಾರಿನ ಅವರ ಅಂಗಡಿಯಲ್ಲಿ ಸಾಲು ಇದ್ದೇ ಇರುತ್ತದೆ, ಅಲ್ಲಿಗೆ ಬೆಳಗ್ಗೆಯೇ ಹೋಗಿ. ಪೇಡಾ ಕೊಳ್ಳುವಾಗ ಮೇಲಿನ ಸಕ್ಕರೆಪುಡಿ ಒರೆಸಿ ನೋಡಿ: ಖೋವಾ ಚೆನ್ನಾಗಿ ಹುರಿದಿದ್ದರೆ ಕಂದು ಬಣ್ಣ, ಮರಳು ಮರಳಾದ ಒಳಮೈ. ಹುರಿತ ಕಡಿಮೆಯಾದದ್ದು ತಿಳಿಬಣ್ಣದ್ದಾಗಿ ಅಂಟುತ್ತದೆ, ಬೇಗ ಹುಳಿಯಾಗುತ್ತದೆ.

ಬೆಳಗಾವಿಯ ಕುಂದಾ ತೇವದ ಸಿಹಿ. ಹಾಲನ್ನು ಅರ್ಧಕ್ಕೆ ಇಳಿಸಿ, ಚೂರು ಮೊಸರಿನಿಂದ ಹರಳುಗಟ್ಟಿಸಿ, ಸಕ್ಕರೆ ಕೆಂಪಾಗುವವರೆಗೆ ಕೈಯಾಡಿಸುವುದು ಅದರ ಗುಟ್ಟು. ಮೊಸರು ಹೆಚ್ಚಾದರೆ ಹಾಲು ಒಡೆದು ಪನೀರಿನಂತಾಗುತ್ತದೆ. ಹೊರಗಿಟ್ಟರೆ ಎರಡು ಮೂರು ದಿನ, ಬೇಸಿಗೆಯಲ್ಲಿ ಅದೂ ಇಲ್ಲ. ದೂರ ಕೊಂಡೊಯ್ಯುವುದಿದ್ದರೆ ಗೋಕಾಕದ ಕರದಂಟು ವಾಸಿ, ಬೆಲ್ಲ–ಅಂಟಿನದ್ದಾದ್ದರಿಂದ ವಾರಗಟ್ಟಲೆ ಇರುತ್ತದೆ.

2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ನಸುಕಿನಲ್ಲೇ ಹೊರಡುತ್ತದೆ, ಆಗ ಯಾವ ಮಿಠಾಯಿ ಅಂಗಡಿಯೂ ತೆರೆದಿರುವುದಿಲ್ಲ. ಕುಂದಾವನ್ನು ಹಿಂದಿನ ರಾತ್ರಿ ಎಂಟರೊಳಗೆ ಕೊಂಡು, ರೂಮಿನಲ್ಲಿ ಫ್ರಿಜ್ ಇದ್ದರೆ ಅದರಲ್ಲಿಟ್ಟು, ಹೊರಡುವಾಗ ಪತ್ರಿಕೆಯಲ್ಲಿ ಸುತ್ತಿಕೊಳ್ಳಿ.