ಬ್ರಿಟಿಷರು ಕಟ್ಟಿದ್ದಾ?

ನನ್ನ ಮೊಬೈಲಿನ ಪರದೆಯ ಮೇಲೆ ನಮ್ಮಪ್ಪನ ಊರಿನ ಚರ್ಚಿನ ಫೋಟೋ ಇದೆ. ಮಳೆಗಾಲದಲ್ಲಿ ತೆಗೆದದ್ದು. ಎತ್ತ ನೋಡಿದರೂ ಹೇಮಾವತಿಯ ಹಿನ್ನೀರು, ನಡುವೆ ಮಾಡು ಕಳೆದುಕೊಂಡ ಚೂಪು ಕಮಾನುಗಳು, ಗೋಡೆಯ ತಲೆಯ ಮೇಲೆ ಸಾಲಾಗಿ ಕೂತ ನೀರುಕಾಗೆಗಳು. ನೋಡಿದವರು ಮೊದಲು, "ಓ, ಶೆಟ್ಟಿಹಳ್ಳಿ ಚರ್ಚು! ಮುಳುಗುತ್ತಲ್ಲ, ಅದೇ ತಾನೆ?" ಅನ್ನುತ್ತಾರೆ. ಅದು ನಮ್ಮೂರು ಅಂತ ಹೇಳಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, "ಬ್ರಿಟಿಷರು ಕಟ್ಟಿದ್ದಾ?" ಅಂತ ಕೇಳುತ್ತಾರೆ. ಈ ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಸಲಿಗೆ ಇದ್ದವರು ಅದನ್ನೂ ಕೇಳಿಬಿಡುತ್ತಾರೆ: "ಹಾಗಾದ್ರೆ ನಿಮ್ಮವರು ಯಾವಾಗ ಕನ್ವರ್ಟ್ ಆಗಿದ್ದು?"

ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕ್ರಿಶ್ಚಿಯನ್ ಅಂದರೆ ಮಂಗಳೂರಿನವರು, ಇಲ್ಲವೇ ಬೆಂಗಳೂರಿನ ಕಂಟೋನ್ಮೆಂಟಿನವರು ಅನ್ನುವ ಲೆಕ್ಕ ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಕೂತಿದೆ. ರಾಗಿ ಹೊಲದ ಬದುವಿನ ಮೇಲೆ ಕೂತು ಮುದ್ದೆ ಉಣ್ಣುವ ಕಥೋಲಿಕ ಇರುತ್ತಾನೆ, ಅವನ ಮನೆಮಾತು ಹಾಸನದ ಕನ್ನಡವೇ ಆಗಿರುತ್ತದೆ ಅಂತ ಅವರಿಗೆ ಹೊಳೆಯುವುದಿಲ್ಲ. ಕಾಲೇಜಿಗೆ ಸೇರಿದ ವರ್ಷ ನನ್ನ ರೂಮ್‌ಮೇಟ್ ಮೂರು ತಿಂಗಳು ಕಾದು, "ಮನೇಲಿ ನಿಜವಾಗ್ಲೂ ಯಾವ ಭಾಷೆ ಮಾತಾಡ್ತೀರ?" ಅಂತ ಗುಟ್ಟು ಕೇಳುವವನಂತೆ ಕೇಳಿದ್ದ.

ಚಿಕ್ಕ ಉತ್ತರ ಇಷ್ಟು: ಬ್ರಿಟಿಷರಲ್ಲ, ಫ್ರೆಂಚರು. ರೋಸರಿ ಚರ್ಚ್, ಅಂದರೆ ಜಪಮಾಲೆ ಮಾತೆಯ ದೇವಾಲಯವನ್ನು 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದರು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನವನ್ನು ಆಳಿದ್ದು ಬ್ರಿಟಿಷ್ ಕಮಿಷನರುಗಳು, ನಿಜ. ಹಾಗಾಗಿ "ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದಾ" ಅಂದರೆ ಹೌದು, "ಬ್ರಿಟಿಷರು ಕಟ್ಟಿದ್ದಾ" ಅಂದರೆ ಅಲ್ಲ. ಆದರೆ ಈ ಉತ್ತರ ಕಟ್ಟಡದ್ದು ಮಾತ್ರ. ಜನರ ಕಥೆ ಅದಕ್ಕಿಂತ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ.

1640ರ ದಶಕದ ಕೊನೆಗೆ, ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರು ಅಲ್ಲಿಗೆ ಬಂದರು. ಕನ್ನಡ ಕಲಿತರು, ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಥೋಲಿಕರ ಸಣ್ಣ ಸಣ್ಣ ಗುಂಪುಗಳು ಹುಟ್ಟಿದ್ದು ಆಗಿನಿಂದ. ಆಗ ಈಸ್ಟ್ ಇಂಡಿಯಾ ಕಂಪನಿ ಕರಾವಳಿಯಲ್ಲಿ ಮಳಿಗೆ ಇಟ್ಟುಕೊಂಡಿದ್ದ ವ್ಯಾಪಾರಿ, ಅಷ್ಟೇ. ಮುಂದೆ ಅದು ಆಳುವ ಸ್ಥಿತಿಗೆ ಬಂದ ಮೇಲೂ, ವ್ಯಾಪಾರಕ್ಕೆ ಎಲ್ಲಿ ಕೇಡಾದೀತೋ ಎಂದು ಪಾದ್ರಿಗಳನ್ನು ದೂರವೇ ಇಟ್ಟಿತ್ತು. ಮಿಷನರಿಗಳಿಗೆ ಬಾಗಿಲು ತೆರೆದದ್ದು 1813ರ ಚಾರ್ಟರ್ ಕಾಯ್ದೆ.

ನಮ್ಮ ಹಳೆಯ ಹೆಸರುಗಳಲ್ಲೇ ಈ ದಾರಿಯ ಗುರುತು ಉಳಿದಿದೆ. ನಮ್ಮ ಮುತ್ತಜ್ಜ ಚೌರಪ್ಪ. ಈ ಹೆಸರು ಕೇಳಿದವರು ಕ್ಷೌರವನ್ನು ನೆನೆಸಿಕೊಂಡು ನಗುತ್ತಾರೆ. ಅದು ಕ್ಸೇವಿಯರ್ ನಮ್ಮ ನಾಲಿಗೆಯಲ್ಲಿ ಸವೆದು ಆದ ರೂಪ. ಇಗ್ನೇಷಿಯಸ್ ಇನ್ನಾಸಪ್ಪ ಆದ, ಪೀಟರ್ ರಾಯಪ್ಪ ಆದ. ಎಲ್ಲಕ್ಕಿಂತ ಚೆಂದದ್ದು ಚಿನ್ನಪ್ಪ. ಕನ್ನಡದವರು ಬಂಗಾರ ಅಂದುಕೊಳ್ಳುತ್ತಾರೆ. ಅಸಲಿಗೆ ಅವನು ಸಂತ ಪೌಲ. ಲತೀನಿನಲ್ಲಿ ಪೌಲುಸ್ ಅಂದರೆ ಚಿಕ್ಕವನು. ತಮಿಳು, ತೆಲುಗಿನ ಕಡೆಯ ಉಪದೇಶಿಗಳು ಅದನ್ನು "ಚಿನ್ನ" ಅಂತ ಅವರ ಮಾತಿಗೆ ಇಳಿಸಿದರು, ನಮ್ಮಲ್ಲಿಗೆ ಬರುವ ಹೊತ್ತಿಗೆ ಚಿಕ್ಕವನು ಬಂಗಾರದವನಾಗಿದ್ದ. ಬ್ರಿಟಿಷರು ನಾಮಕರಣ ಮಾಡಿದ್ದರೆ ನಮ್ಮ ಮುತ್ತಜ್ಜಂದಿರು ವಿಲಿಯಂ, ಜಾರ್ಜ್ ಆಗಿರುತ್ತಿದ್ದರು. ಈಗಿನ ಮಕ್ಕಳು ಕೆವಿನ್, ರಯಾನ್ ಆಗಿದ್ದಾರೆ. ಅದು ಟೀವಿ ಮಾಡಿದ ಮತಾಂತರ.

ಮುಂದಿನ ಭಾಗ ಹೇಳುವಾಗ ನಾನು ಕೊಂಚ ಎಚ್ಚರ ವಹಿಸುತ್ತೇನೆ, ಯಾಕೆಂದರೆ ಕೇಳುವವರು ತಮಗೆ ಬೇಕಾದ ಅರ್ಧವನ್ನು ಹರಿದುಕೊಂಡು ಹೋಗುತ್ತಾರೆ. 1773ರಲ್ಲಿ ಪೋಪರೇ ಯೇಸುಸಭೆಯನ್ನು ವಿಸರ್ಜಿಸಿದರು. ಹಳ್ಳಿಗಳಲ್ಲಿ ಗುರುಗಳಿಲ್ಲದಂತಾಯಿತು. ಆಮೇಲೆ ಟಿಪ್ಪುವಿನ ಕಾಲ: 1784ರಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೈಸೂರು ಸೀಮೆಯ ಕ್ರೈಸ್ತರಲ್ಲೂ ಅನೇಕರು ಬಲವಂತಕ್ಕೆ ಇಸ್ಲಾಮಿಗೆ ಸೇರಬೇಕಾಯಿತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವರನ್ನು ಮತ್ತೆ ಕಲೆಹಾಕಲು ಬಂದವರು ಅಬ್ಬೆ ದುಬಾಯ್. ಫ್ರಾನ್ಸಿನ ಕ್ರಾಂತಿಯ ಗದ್ದಲದ ನಡುವೆ 1792ರಲ್ಲಿ ಹೊರಟುಬಂದ ತರುಣ ಪಾದ್ರಿ, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದವರು. ಇಲ್ಲಿನವರಂತೆ ಉಟ್ಟು, ಇಲ್ಲಿನವರಂತೆ ಉಂಡು ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅನ್ನುತ್ತಿದ್ದರು.

ನನ್ನ ಪ್ರಕಾರ ನಮ್ಮ ಕಡೆಯ ಧರ್ಮಕೇಂದ್ರಗಳ, ಅಂದರೆ ಒಬ್ಬ ಗುರುವಿನ ಸುಪರ್ದಿಯ ಕ್ರೈಸ್ತ ಸಮುದಾಯಗಳ ಕಥೆ ಶುರುವಾಗುವುದು ಇಲ್ಲಿ, ಅದೂ ಚರ್ಚಿನಿಂದ ಅಲ್ಲ, ಹೊಲದಿಂದ. ದುಬಾಯ್ ಅವರ ಮುಂದೆ ಇದ್ದದ್ದು ಜಾತಿ ಕಳೆದುಕೊಂಡ, ನೆಲ ಕಳೆದುಕೊಂಡ, ಹೆಣ್ಣು ಕೊಡುವವರಿಲ್ಲದ ಕುಟುಂಬಗಳು. ಅವರಿಗೆ ಪ್ರಸಂಗ ಮಾಡಿ ಪ್ರಯೋಜನವೇನು? ದುಬಾಯ್ ಹಾಸನದ ಹತ್ತಿರ ಬೇಸಾಯದ ಹಳ್ಳಿಗಳನ್ನು ಎಬ್ಬಿಸಿದರು. ಇಂಗ್ಲಿಷ್ ದಾಖಲೆಗಳಲ್ಲಿ ಸಾತಳ್ಳಿ ಎಂದು ಬರುವ ಊರು ಅವುಗಳಲ್ಲಿ ಮುಖ್ಯವಾದದ್ದು. ಮೊದಲು ಉಳಲು ನೆಲ, ಆಮೇಲೆ ಗುಡಿಸಲು, ಆಮೇಲೆ ಶಿಲುಬೆ. 1803–04ರಲ್ಲಿ ಸಿಡುಬು ಹಬ್ಬಿದಾಗ ದುಬಾಯ್ ದಾಕು ಹಾಕಿಸುವ ಕೆಲಸಕ್ಕೆ ಇಳಿದರು. ಆ ಓಡಾಟದಲ್ಲಿ ದಾಕು ಹಾಕಿಸಿಕೊಂಡವರ ಲೆಕ್ಕ 25,432 ಅಂತ ದಾಖಲಾಗಿದೆ. ಜೆನ್ನರನ ಲಸಿಕೆ ಮುಂಬೈಗೆ ಬಂದದ್ದೇ 1802ರಲ್ಲಿ. ಅಮ್ಮನ ಸಿಟ್ಟು ಎಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ಊರುಗಳಲ್ಲಿ, ಆಕಳ ಸಿಡುಬಿನ ಕೀವನ್ನು ತೋಳಿಗೆ ಗೀರಿಸಿಕೊಳ್ಳಿ ಎಂದು ಪರದೇಶದವನೊಬ್ಬ ಹೇಳಿ ಒಪ್ಪಿಸುವುದೆಂದರೆ ಸುಮ್ಮನೆ ಅಲ್ಲ.

ಇದೇ ಮನುಷ್ಯ, ಮೂವತ್ತೊಂದು ವರ್ಷ ಇಲ್ಲಿದ್ದು 1823ರಲ್ಲಿ ವಾಪಸ್ ಹೋದ ಮೇಲೆ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಅಂತ ಬರೆದರು. ನಮ್ಮನ್ನು ನೆಲೆಗೊಳಿಸಿದವರೇ ನಮ್ಮ ಮೇಲೆ ಇಟ್ಟಿದ್ದ ಭರವಸೆ ಇಷ್ಟು! ಅವರು ಪ್ಯಾರಿಸ್ಸಿನಲ್ಲಿ 1848ರಲ್ಲಿ ತೀರಿಕೊಂಡರು. ಇತ್ತ ಹಾಸನದ ಹಳ್ಳಿಗಳಲ್ಲಿ ರಾಗಿ ಬೆಳೆಯುತ್ತಿತ್ತು, ಮಕ್ಕಳು ಹುಟ್ಟುತ್ತಿದ್ದವು.

ಧರ್ಮಕೇಂದ್ರ ಬೆಳೆಯುವುದೆಂದರೆ ಬಹುಪಾಲು ಇಷ್ಟೇ. ಒಬ್ಬರು ಬಂದು ಭಾಷಣ ಮಾಡಿದರು, ಊರಿಗೆ ಊರೇ ಎದ್ದು ಸೇರಿತು ಅನ್ನುವುದು ಸಿನಿಮಾ. ಮದುವೆಯಿಂದ ಬೆಳೆಯಿತು, ಹೆರಿಗೆಯಿಂದ ಬೆಳೆಯಿತು, ಪಕ್ಕದ ಊರಿನ ಭಾವಮೈದ ಗುತ್ತಿಗೆ ಹೊಲಕ್ಕಾಗಿ ಬಂದು ನೆಲೆನಿಂತದ್ದರಿಂದ ಬೆಳೆಯಿತು. 1850ರಲ್ಲಿ ಮೈಸೂರಿಗೇ ಬೇರೆ ಧರ್ಮಾಧ್ಯಕ್ಷರು (ಬಿಷಪ್) ಆದ ಮೇಲೆ ಗುರುಗಳ ಓಡಾಟ ಹೆಚ್ಚಿತು, ಕಲ್ಲು ಗಾರೆಯ ದೇವಾಲಯಗಳು ಎದ್ದವು. 1876–78ರ ಬರಗಾಲದಲ್ಲಿ ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಇಲ್ಲವಾದರು. ಆಗ ಗುರುಗಳು ಅನಾಥ ಮಕ್ಕಳನ್ನು ಸಾಕಿದರು, ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. "ಅನ್ನಕ್ಕೆ ಸೇರಿದ್ರು ಅನ್ನಿ" ಅಂತ ಒಬ್ಬರು ನನ್ನ ಮುಖಕ್ಕೇ ಹೇಳಿದ್ದರು. ಹೌದು, ಕೆಲವರು ಅನ್ನಕ್ಕೇ ಸೇರಿದರು. ಇದನ್ನು ಮುಚ್ಚಿಡಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮುಚ್ಚಿಡಬಾರದ ಇನ್ನೊಂದು ಇದೆ. ಜಾತಿಯನ್ನು ನಮ್ಮವರು ಚಪ್ಪಲಿಯ ಹಾಗೆ ಚರ್ಚಿನ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಲಿಲ್ಲ. ಯಾರ ಮನೆಯಿಂದ ಹೆಣ್ಣು ತರಬೇಕು, ಯಾರ ಮನೆಯಲ್ಲಿ ನೀರು ಕುಡಿಯಬೇಕು ಅನ್ನುವುದು ಜ್ಞಾನಸ್ನಾನದ ನೀರಿಗೆ ಕರಗಲಿಲ್ಲ. ನಮ್ಮ ಅಜ್ಜಿ ದಿನಕ್ಕೆ ಎರಡು ಹೊತ್ತು ಜಪಮಾಲೆ ಮಾಡುತ್ತಿದ್ದವರು, ಮದುವೆಯ ಮಾತು ಬಂದರೆ ಮೊದಲು ಕೇಳುತ್ತಿದ್ದದ್ದು, "ಅವರು ನಮ್ಮೋರಾ?" ಅಂತ. ಅಲ್ಲಿ "ನಮ್ಮೋರು" ಅಂದರೆ ಕ್ರೈಸ್ತರು ಅಂತ ಅರ್ಥವಲ್ಲ.

ಚರ್ಚಿನ ಗಾರೆಗೆ ಬೆಲ್ಲ ಮತ್ತು ಕೋಳಿಮೊಟ್ಟೆ ಹಾಕಿದ್ದರಂತೆ, ಅದಕ್ಕೇ ಇಷ್ಟು ವರ್ಷ ನೀರಲ್ಲಿ ನಿಂತಿದೆ ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸುವುದು ನಮ್ಮ ದೇಶದ ಹಳೇ ಗಾರೆಯವರ ರೂಢಿ, ಸರಿ. ಮೊಟ್ಟೆಯ ಬಗ್ಗೆ ನನಗೆ ಅನುಮಾನ. ಅಷ್ಟು ದೊಡ್ಡ ಕಟ್ಟಡಕ್ಕೆ ಮೊಟ್ಟೆ ಒಡೆಯುತ್ತಾ ಕೂತಿದ್ದರೆ ಹಳ್ಳಿಯಲ್ಲಿ ಕೋಳಿಯ ಸಂತತಿಯೇ ಉಳಿಯುತ್ತಿರಲಿಲ್ಲ!

ಒಳಗೆ ಪೂಜೆ ನಡೆಯುತ್ತಿದ್ದದ್ದು ಲತೀನಿನಲ್ಲಿ. ಗುರುಗಳು ಪೀಠದ ಕಡೆ ಮುಖ ಮಾಡಿ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು, ಹಿಂದೆ ನೆಲದ ಮೇಲೆ ಕೂತ ಹೆಂಗಸರು ತಮ್ಮಷ್ಟಕ್ಕೆ ಕನ್ನಡದಲ್ಲಿ "ನಮೋ ಮರಿಯಾ" ಹೇಳಿಕೊಳ್ಳುತ್ತಿದ್ದರು, ಗಂಟೆ ಬಾರಿಸಿದಾಗ ಎರಡೂ ಕಡೆಯವರು ಒಟ್ಟಿಗೆ ತಲೆ ಬಾಗಿಸುತ್ತಿದ್ದರು ಅಂತ ಅತ್ತೆ ಹೇಳುತ್ತಾರೆ. ಜನರ ಮಾತಿನಲ್ಲೇ ಬಲಿಪೂಜೆ ಅರ್ಪಿಸಲು ದಾರಿಯಾದದ್ದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ, ಅಂದರೆ 1962–65ರ ನಂತರ. ಆ ಹೊತ್ತಿಗಾಗಲೇ ಗೊರೂರಿನಲ್ಲಿ ಅಣೆಕಟ್ಟಿನ ಮಾತು ಶುರುವಾಗಿತ್ತು. ನೂರು ವರ್ಷ ಲತೀನು ಕೇಳಿದ ಗೋಡೆಗಳ ನಡುವೆ ಪೂಜೆ ಪೂರ್ತಿ ಕನ್ನಡದಲ್ಲಿ ನಡೆದದ್ದು ಕೆಲವೇ ವರ್ಷ. ಭಾಷೆ ಬಂತು ಅನ್ನುವಷ್ಟರಲ್ಲಿ ನೀರು ಬಂತು.

ಹೇಮಾವತಿ ಜಲಾಶಯ ಪೂರ್ತಿಯಾದದ್ದು 1979ರಲ್ಲಿ. ತುಂಬಿದರೆ 37 ಟಿಎಂಸಿ ನೀರು. ಕೆಳಗಿನ ತಾಲ್ಲೂಕುಗಳಿಗೆ ಅದು ಭಾಗ್ಯವೇ, ಇಲ್ಲವೆನ್ನುವುದಿಲ್ಲ. ಮುಳುಗಡೆಯ ಊರಿನವರು ಹಾಸನದ ಸುತ್ತ ಹೊಸ ಹಳ್ಳಿಗಳಿಗೆ, ಬಡಾವಣೆಗಳಿಗೆ ಹಂಚಿಹೋದರು. ಪರಿಹಾರದ ದುಡ್ಡು ಕಂತು ಕಂತಾಗಿ ಬಂತು, ಕಂತು ಕಂತಾಗಿಯೇ ಕರಗಿತು. ನಮ್ಮ ಅಜ್ಜ ಎತ್ತು ಮಾರಿದ್ದನ್ನು ಮಾತ್ರ ಕೊನೆಯವರೆಗೂ ಹೇಳುತ್ತಿದ್ದರು. ಎತ್ತು ಕೊಂಡವನ ಊರು, ಅವನು ಕಟ್ಟಿಕೊಂಡು ಹೋದ ಹಗ್ಗದ ಬಣ್ಣ, ಎಲ್ಲ ನೆನಪಿತ್ತು. ಅಜ್ಜಿ ಬೀಸುವ ಕಲ್ಲನ್ನು ಗಾಡಿಗೆ ಹಾಕಿಸಿಕೊಂಡು ಬಂದರು. ಹೊಸ ಊರಿನಲ್ಲಿ ಬೀಸಲು ಹೊಲದ ರಾಗಿ ಇರಲಿಲ್ಲ, ಪಕ್ಕದ ಬೀದಿಯಲ್ಲೇ ಹಿಟ್ಟಿನ ಗಿರಣಿ ಇತ್ತು. ಆ ಕಲ್ಲು ಈಗಲೂ ಬಚ್ಚಲು ಮನೆಯ ಪಕ್ಕ ಇದೆ, ಅದರ ಮೇಲೆ ಬಕೆಟ್ ಇಡುತ್ತೇವೆ.

ಜನ ಹೋದಲ್ಲೆಲ್ಲ ಮೊದಲು ಚಪ್ಪರದ ಕೆಳಗೆ ಪೂಜೆ, ಆಮೇಲೆ ಶೀಟಿನ ಮಾಡು, ಆಮೇಲೆ ಆರ್‌ಸಿಸಿ ಕಟ್ಟಡ. ಹಾಸನ ಜಿಲ್ಲೆ ಈಗ 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ ಸೇರಿದೆ. ಭಾನುವಾರ ಬೈಕು, ಕಾರು ನಿಲ್ಲಿಸಲು ಜಾಗ ಸಾಲುವುದಿಲ್ಲ. ಫೋಟೋ ತೆಗೆಯಲು ಅಲ್ಲಿಗೆ ಯಾರೂ ಬರುವುದಿಲ್ಲ. ಜನವಿಲ್ಲದ ಚರ್ಚಿಗೆ ಜನವೋ ಜನ.

ಹೋದ ಬೇಸಿಗೆಯಲ್ಲಿ ನೀರು ಇಳಿದಾಗ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಮದುವೆಗೆ ಮುಂಚಿನ ಫೋಟೋಶೂಟಿಗೆ ಬಂದ ಜೋಡಿಯೊಂದು ಕಮಾನಿನ ಕೆಳಗೆ ನಿಂತಿತ್ತು, ಹುಡುಗಿಯ ಉದ್ದ ಗೌನಿನ ಅಂಚಿಗೆ ಕೆಸರು ಮೆತ್ತಿತ್ತು. ಇತ್ತೀಚಿನ ಮಳೆಗಳಿಗೆ ಗೋಡೆಯ ಒಂದಷ್ಟು ಭಾಗ ಕಳಚಿ ಬಿದ್ದಿದೆ, ಇಟ್ಟಿಗೆಗಳು ಚೆಲ್ಲಾಡಿದ್ದವು. ಅತ್ತೆ ಚರ್ಚಿನ ಕಡೆ ಕೈಮುಗಿದು ಶಿಲುಬೆಯ ಗುರುತು ಹಾಕಿಕೊಂಡವರು ಒಳಗೆ ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಒಣಗಿ ಬಿರಿದ ಹೊಳೆಮಣ್ಣಿನ ಮೇಲೆ ಹೆಜ್ಜೆ ಎಣಿಸುತ್ತ ಅತ್ತ ಹೋದರು, ಇತ್ತ ಬಂದರು. ಕ್ಯಾಮೆರಾ ಹಿಡಿದ ಹುಡುಗನೊಬ್ಬ ಅವರನ್ನೇ ನೋಡುತ್ತಿದ್ದ.

"ಅಜ್ಜಿ, ನೀವು ಈ ಕಡೆಯವರಾ? ಇದು ಬ್ರಿಟಿಷರು ಕಟ್ಟಿದ್ದಾ?"

ಅತ್ತೆ ಅವನ ಕಾಲ ಬುಡವನ್ನೇ ನೋಡುತ್ತ ನಿಂತರು.

"ಅದೆಲ್ಲ ನಂಗೊತ್ತಿಲ್ಲ ಮಗ. ನೀನು ನಿಂತಿದ್ದೀಯಲ್ಲ, ಅದು ನಮ್ಮ ಕಣ."

ಹುಡುಗ ಕೆಳಗೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ.