ಪಕ್ಕದ ಮನೆ ದಂತವೈದ್ಯ

31 ಮಾರ್ಚ್ 2026, ಮಂಗಳವಾರ

ನಿನ್ನೆ ರಾತ್ರಿ ನಿದ್ದೆ ಹತ್ತಲಿಲ್ಲ. ಸುಮ್ನೆ ಅಮೆರಿಕದ ಹಳೇ ಟಿವಿ ಹಾಸ್ಯ ಧಾರಾವಾಹಿ ‘ದಿ ಡಿಕ್ ವ್ಯಾನ್ ಡೈಕ್ ಶೋ’ ಹಾಕಿಕೊಂಡು ಕೂತೆ. 1963ರ ಆ ಅಕ್ರೋಟಿನ ಕಂತು. ನಾಯಕ ರಾಬ್ ಬೀರು ಬಾಗಿಲು ತೆಗೆದದ್ದೇ ತಡ, ಒಳಗಿಂದ ಅಕ್ರೋಟುಗಳು ದಬದಬ ಸುರಿಯುತ್ತವೆ. ಅವುಗಳ ಮೇಲೆ ಜಾರಿಕೊಂಡು ಹೆಂಡತಿ ಲಾರಾ ಹೊರಗೆ ಬರುತ್ತಾಳೆ! ಎಷ್ಟನೇ ಸಲ ನೋಡಿದೆನೋ, ಆದರೂ ನಗು ತಡೆಯಲಾಗಲಿಲ್ಲ.

ಇದನ್ನು ನಿರ್ದೇಶಿಸಿದ್ದು ಜೆರ್ರಿ ಪ್ಯಾರಿಸ್. ಅದೇ ಶೋನಲ್ಲಿ ಪಕ್ಕದ ಮನೆ ದಂತವೈದ್ಯ ಜೆರ್ರಿ ಹೆಲ್ಪರ್ ಆಗಿದ್ದವನು. ಅವನು ತೀರಿಕೊಂಡು ಇವತ್ತಿಗೆ 40 ವರ್ಷ.

ಅದಕ್ಕೂ ಮೊದಲು ‘ಮಾರ್ಟಿ’ ಸಿನಿಮಾದಲ್ಲಿ ನಾಯಕನ ಕಸಿನ್, ‘ದಿ ಅನ್‌ಟಚಬಲ್ಸ್’ ಟಿವಿ ಧಾರಾವಾಹಿಯಲ್ಲಿ ಏಜೆಂಟ್ ಫ್ಲಾಹರ್ಟಿ. ಯಾವಾಗಲೂ ನಾಯಕನ ಪಕ್ಕದಲ್ಲಿ ನಿಲ್ಲುವ ಪಾತ್ರವೇ. ಅಂಥವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ ಅನ್ನಿಸುತ್ತದೆ ನನಗೆ: ಮಾತು ಎತ್ತಿಕೊಡುವುದು ತಾನು, ನಗು ಗಿಟ್ಟಿಸುವುದು ಇನ್ನೊಬ್ಬ. ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿರ್ದೇಶಕನಿಗೆ ಬೇಕಾದದ್ದೂ ಅದೇ ಅಲ್ವಾ? ಆ ಶೋನ 158 ಕಂತುಗಳಲ್ಲಿ 84 ಅವನ ಕೈಯಲ್ಲೇ ಆದವು. 1964ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು.

ಆಮೇಲೆ ಇನ್ನೊಂದು ಹಾಸ್ಯ ಧಾರಾವಾಹಿ, ‘ಹ್ಯಾಪಿ ಡೇಸ್’. 1974ರಿಂದ 84ರವರೆಗೆ 255 ಕಂತು, ಅದರಲ್ಲಿ 237 ಇವನದೇ! ಮೊದಲ ಎರಡು ಸೀಸನ್ ಬಹುಪಾಲು ಒಂದೇ ಕ್ಯಾಮೆರಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಮೂರನೆಯದರಿಂದ ಸೆಟ್ ಎದುರು ಜನ, ಮೂರು ಕ್ಯಾಮೆರಾ. ಜನರ ಅಚ್ಚುಮೆಚ್ಚಿನ ಪಾತ್ರ ಫಾಂಜಿ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಚಪ್ಪಾಳೆ ನಿಲ್ಲುವವರೆಗೂ ಎಲ್ಲರೂ ಕಾಯಬೇಕು. ಪಕ್ಕದ ಮನೆಯಿಂದ ಬಂದು ಹೋಗುತ್ತಿದ್ದ ದಂತವೈದ್ಯನಿಗೆ ಇಂಥ ಸ್ವಾಗತ ಎಲ್ಲಿತ್ತು!

1977ರಲ್ಲಿ ಫಾಂಜಿ ವಾಟರ್ ಸ್ಕೀ ಮೇಲೆ ನಿಂತು ಶಾರ್ಕ್ ಮೀನನ್ನು ದಾಟಿ ಹಾರಿದ್ದೂ ಇವನ ನಿರ್ದೇಶನದಲ್ಲೇ. ಒಂದು ಶೋ ಹದ ತಪ್ಪಿತು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಜನ ಇವತ್ತಿಗೂ ‘ಶಾರ್ಕ್ ದಾಟಿ ಹಾರಿತು’ (jumped the shark) ಅನ್ನುತ್ತಾರೆ. ಪಾಪ, ಅದೊಂದೇ ನೆನಪಿಟ್ಟುಕೊಂಡರೆ ಅನ್ಯಾಯ. ಮರುವರ್ಷ ನಟ ರಾಬಿನ್ ವಿಲಿಯಮ್ಸ್ ಅನ್ಯಗ್ರಹದ ಮಾರ್ಕ್ ಆಗಿ ಮೊದಲ ಸಲ ಬಂದ ಕಂತೂ ಇವನದೇ.

ಕೊನೆಗೆ ‘ಪೊಲೀಸ್ ಅಕಾಡೆಮಿ’ ಸಿನಿಮಾದ ಎರಡನೇ, ಮೂರನೇ ಭಾಗ. ಅವು ನನಗೆ ಅಷ್ಟಕ್ಕಷ್ಟೇ. ಮೂರನೆಯದು ಬಿಡುಗಡೆಯಾದ ತಿಂಗಳಲ್ಲೇ ಹೋಗಿಬಿಟ್ಟ. ಬರೀ 60 ವರ್ಷ.

ಮಲಗುವ ಮುಂಚೆ ಇನ್ನೊಂದು ಕಂತು ನೋಡಿದೆ. ಜೆರ್ರಿ ಹೆಲ್ಪರ್ ಬಂದ, ಏನೋ ಒಂದು ಮಾತಾಡಿದ, ಜನ ನಕ್ಕರು. ಅಷ್ಟು ಹೊತ್ತಿಗೆ ಗಂಟೆ ಎರಡಾಗಿತ್ತು.