25 ಅಡಿಯ ಲೆಕ್ಕ

ನನ್ನ ಸೋದರಮಾವ ಕಾರ್ಕಳ ಪೇಟೆಯಲ್ಲಿ ಸುಮಾರು ನಲವತ್ತು ವರ್ಷ ಪಂಪುಸೆಟ್ಟು ರಿಪೇರಿಯ ಅಂಗಡಿ ನಡೆಸಿದರು. ಅದರಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ವರ್ಷ ಗೃಹರಕ್ಷಕ ದಳದ ಸದಸ್ಯರಾಗಿ ಅಗ್ನಿಶಾಮಕ ಠಾಣೆಯ ಕರೆಗಳಿಗೂ ಓಗೊಟ್ಟರು. 1946ರ ಡಿಸೆಂಬರ್ 6ರಂದು ಮುಂಬಯಿಯಲ್ಲಿ ಹುಟ್ಟಿದ ಈ ದಳಕ್ಕೆ ನಮ್ಮ ರಾಜ್ಯದಲ್ಲಿ 1962ರ ಕಾಯ್ದೆಯ ಆಧಾರವಿದೆ. ಇದು ಸಂಬಳದ ನೌಕರಿಯಲ್ಲ. ಕರ್ತವ್ಯ ಮಾಡಿದ ದಿನಕ್ಕೆ ಗೌರವಧನ, ಉಳಿದ ದಿನ ಅವರವರ ಕಸುಬು. ಊರಿನವರಿಗೆ ಮಾವ ಎಂದಿಗೂ ‘ಪಂಪಿನವರು’ ಅಷ್ಟೆ. ಖಾಕಿ ತೊಟ್ಟು ಹೊರಟರೆ ಮಾತ್ರ ಎದುರಿನ ಹೋಟೆಲಿನವರು ತಮಾಷೆಗೆ ಸಲಾಮು ಹೊಡೆಯುತ್ತಿದ್ದರು.

ಶಾಲೆಗೆ ರಜೆ ಸಿಕ್ಕಾಗಲೆಲ್ಲ ನಾನು ಆ ಅಂಗಡಿಯಲ್ಲಿ ಸ್ಪ್ಯಾನರು ಎತ್ತಿಕೊಡುವ ಹುಡುಗನಾಗಿದ್ದೆ. ನೀರೆತ್ತದ ಪಂಪು ಬಂದರೆ ಹೆಚ್ಚಿನವರು ಮೊದಲು ಮೋಟಾರನ್ನು ಬಿಚ್ಚುತ್ತಾರೆ. ಮಾವ ತೋಟಕ್ಕೇ ಹೋಗಿ, ಪಂಪು ಓಡುತ್ತಿರುವಾಗಲೇ ಒಂದು ಊದುಬತ್ತಿ ಹಚ್ಚಿ, ನೀರಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಒಂದೊಂದು ಜೋಡಣೆಯ ಹತ್ತಿರವೂ ಹಿಡಿಯುತ್ತಿದ್ದರು. ನೆಟ್ಟಗೆ ಏರುತ್ತಿದ್ದ ಹೊಗೆ ಯಾವ ಜಾಗದಲ್ಲಿ ಫಕ್ಕನೆ ಬಾಗಿ ಪೈಪಿನೊಳಕ್ಕೆ ಸೇರಿಕೊಳ್ಳುತ್ತದೋ ಅಲ್ಲಿ ಸುಣ್ಣದಿಂದ ಗೆರೆ ಎಳೆಯುವುದು ನನ್ನ ಕೆಲಸ. ಪೈಪಿನ ಕೆಳತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರಿ ನೀರು ನಿಲ್ಲದಿದ್ದರೆ ಕೃಷಿಕರು ಪೈಪಿಗೆ ಸೆಗಣಿ ನೀರು ಹೊಯ್ದು ತಾತ್ಕಾಲಿಕವಾಗಿ ದಾರಿ ಕಂಡುಕೊಳ್ಳುತ್ತಿದ್ದರು. ಅದನ್ನು ಕಂಡರೆ ಮಾವನಿಗೆ ಸಿಟ್ಟೇನೂ ಬರುತ್ತಿರಲಿಲ್ಲ. ಅಡಿಕೆ ಗಿಡ ಒಣಗುವಾಗ ಶಾಸ್ತ್ರ ನೋಡುತ್ತಾ ಕುಳಿತುಕೊಳ್ಳಲು ಯಾರಿಂದಲೂ ಆಗದು ಎಂಬುದು ಅವರಿಗೆ ಗೊತ್ತಿತ್ತು.

ಅವರು ನನಗೆ ಕಲಿಸಿದ ವಿಷಯಗಳಲ್ಲಿ ಇಂದಿಗೂ ಮಾಸದೆ ಉಳಿದದ್ದು 25 ಅಡಿಯ ಲೆಕ್ಕ. "ಪಂಪು ನೀರನ್ನು ಎಳೆಯುವುದಿಲ್ಲ ಮಾರಾಯ. ಅದು ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ; ನೀರನ್ನು ಒತ್ತಿ ಕಳಿಸುವುದು ಹೊರಗಿನ ಗಾಳಿ. ಆ ಗಾಳಿಗೆ ಇರುವ ಶಕ್ತಿ ಅಷ್ಟೇ ಉಂಟು" ಎಂದು ಅವರು ಹೇಳುತ್ತಿದ್ದರು. ಲೆಕ್ಕದ ಪ್ರಕಾರ ವಾತಾವರಣದ ಒತ್ತಡ ನೀರನ್ನು ಸುಮಾರು 34 ಅಡಿಯವರೆಗೆ ಏರಿಸಬಲ್ಲದು. ಪೈಪಿನ ತಿರುವು, ಜೋಡಣೆ, ಸವೆತಗಳಿಗೆಲ್ಲ ಕಳೆದ ಮೇಲೆ ಕೈಗೆ ಸಿಗುವುದು 25 ಅಡಿ. ನೀರು ಅದಕ್ಕಿಂತ ಕೆಳಗಿದ್ದರೆ ಮೇಲೆ ಕುಳಿತ ಪಂಪು ಎಷ್ಟೇ ಕುದುರೆ ಶಕ್ತಿಯದಾಗಿದ್ದರೂ ಬರಿದೇ ಗುಂಯ್‌ಗುಡುತ್ತದೆ.

ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಕಡೆಯಲ್ಲಿ ನೀರಿನ ಈ ಪರದಾಟವೇಕೆ ಎಂದು ಘಟ್ಟದ ಮೇಲಿನ ನೆಂಟರು ಕೇಳುವುದುಂಟು. ಮಳೆಗಾಲದಲ್ಲಿ ಕೈಗೆಟಕುವಷ್ಟು ಮೇಲೆ ಬರುವ ಬಾವಿಯ ನೀರು, ಮುರಕಲ್ಲಿನ ಸಂದುಗಳಲ್ಲಿ ಜಾರಿ ಎಪ್ರಿಲ್ ಹೊತ್ತಿಗೆ ತಳ ಕಾಣಿಸುತ್ತದೆ. ಆಗ ಜನ ಮಾಡುವ ಉಪಾಯವೊಂದೇ, ಡೀಸೆಲ್ ಇಂಜಿನನ್ನು ಹಗ್ಗ ಕಟ್ಟಿ ಬಾವಿಯೊಳಗಿನ ಕಟ್ಟೆಯ ಮೇಲೆ ಇಳಿಸುವುದು. ಒಂದು ಮೇ ತಿಂಗಳಲ್ಲಿ ಪೇಟೆಯಿಂದ ಸ್ವಲ್ಪ ದೂರದ ಮನೆಯೊಂದರವರು ಹಾಗೆ ಇಂಜಿನ್ ಇಳಿಸಿ ನೀರು ಖಾಲಿ ಮಾಡಿ, ಅದು ನಿಂತ ಸ್ವಲ್ಪ ಹೊತ್ತಿನಲ್ಲೇ ಕೆಸರು ತೆಗೆಯಲು ಒಬ್ಬರನ್ನು ಇಳಿಸಿದರು. ಅವರು ಕುಸಿದದ್ದನ್ನು ನೋಡಿ ಇನ್ನೊಬ್ಬರು ಇಳಿದರು. ಠಾಣೆಯ ತಂಡದೊಂದಿಗೆ ಹೋಗಿದ್ದ ಮಾವ ಬಾವಿಯ ಕಟ್ಟೆಯಿಂದ ಬಗ್ಗಿ ನೋಡಿದಾಗ ಕೆಳಗಿದ್ದದ್ದು, ಹಿಂದಿನ ವಾರವಷ್ಟೇ ತಾವೇ ರಿಪೇರಿ ಮಾಡಿ ಕಳಿಸಿದ ಇಂಜಿನ್. ಅವರಿಬ್ಬರೂ ಬದುಕಲಿಲ್ಲ.

ಆ ಮನೆಯವರು ಇಳಿಯುವ ಮುಂಚೆ ದೀಪ ಇಳಿಸಿ ಪರೀಕ್ಷಿಸಿದ್ದರಂತೆ, ದೀಪ ಆರಿರಲಿಲ್ಲ. ದೀಪ ಹೇಳುವುದು ಆಮ್ಲಜನಕ ತೀರಾ ಕಡಿಮೆಯಾಗಿದೆಯೇ ಎಂಬುದನ್ನು ಮಾತ್ರ. ಇಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಆ ಘಟನೆಯ ನಂತರ ಅಂಗಡಿಗೆ ಇಂಜಿನ್ ತಂದವರನ್ನು ಮಾವ ಕೇಳುತ್ತಿದ್ದ ಮೊದಲ ಪ್ರಶ್ನೆ, "ನಿಮ್ಮ ಬಾವಿಯ ನೀರು ಎಷ್ಟು ಅಡಿಗೆ ಉಂಟು?" ಎಂಬುದು. ಮೂವತ್ತು ಎಂದವರ ಇಂಜಿನನ್ನು ಅವರು ಮುಟ್ಟುತ್ತಿರಲಿಲ್ಲ, ಕರೆಂಟಿನ ಪಂಪು ಇಳಿಸಿ ಎನ್ನುತ್ತಿದ್ದರು. ಇದರಿಂದ ಅಂಗಡಿಗೆ ನಷ್ಟವಾಯಿತು. ಅತ್ತೆ ಗೊಣಗಿದ್ದೂ ಉಂಟು.

ಬೆಂಕಿಯ ಗಾಡಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಸಾಮಾನ್ಯವಾಗಿ ಒಂದು ಗಾಡಿ ಹೊತ್ತು ತರುವುದು 4,500 ಲೀಟರ್ ನೀರು. ಒಂದೇ ಪೈಪಿನಲ್ಲಿ ಜೋರಾಗಿ ಬಿಟ್ಟರೂ ಅದು ಹತ್ತು ನಿಮಿಷದ ಮಾತು. ಆಮೇಲೆ ಹತ್ತಿರದ ನೀರಿಗೆ ಸಕ್ಷನ್ ಪೈಪು ಇಳಿಸಬೇಕು, ಆ ನೀರು 25 ಅಡಿಯೊಳಗೆ ಇರಬೇಕು, ಗಾಡಿ ಅಲ್ಲಿಯವರೆಗೆ ಹೋಗಬೇಕು. ರಾಮಸಮುದ್ರ, ಆನೆಕೆರೆ ಎಂಬ ದೊಡ್ಡ ಕೆರೆಗಳು ಇರುವುದು ಪೇಟೆಯ ಮಗ್ಗುಲಲ್ಲಿ. ಒಳಗಿನ ಹಳ್ಳಿಯಲ್ಲಿ ದನದ ಹಟ್ಟಿ ಹೊತ್ತಿಕೊಂಡರೆ ಅಲ್ಲಿಂದ ನೀರು ತರುವಷ್ಟರಲ್ಲಿ ಮಾಡಿನ ಪಕ್ಕಾಸು ಕೂಡ ಉಳಿಯುವುದಿಲ್ಲ. ಮಾವನ ಉಪಯೋಗ ಠಾಣೆಗೆ ಇದ್ದದ್ದು ಇಲ್ಲಿ. ರಿಪೇರಿಗೆಂದು ಹೋಗಿ ಹೋಗಿ ಸುತ್ತಲಿನ ಬಾವಿ, ಮದಗ ಎಂಬ ಸಣ್ಣ ಕೆರೆಗಳು, ತೋಡಿಗೆ ಅಡ್ಡಲಾಗಿ ಹಾಕಿದ ಕಟ್ಟಗಳೆಲ್ಲ ಅವರಿಗೆ ಪರಿಚಿತ. ಅವುಗಳನ್ನು ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದರು: ಮಾರ್ಚಿಯಲ್ಲಿ ಎಷ್ಟು ಅಡಿ, ಎಪ್ರಿಲಿನಲ್ಲಿ ಎಷ್ಟು, ಮೇಯಲ್ಲಿ ಎಷ್ಟು, ರಸ್ತೆಯಿಂದ ಎಷ್ಟು ದೂರ, ಗೇಟು ಗಾಡಿಗೆ ಸಾಲುತ್ತದೆಯೋ ಇಲ್ಲವೋ. ಕೊನೆಯ ಕಾಲಮಿನಲ್ಲಿ ‘ಆದೀತು’ ಅಥವಾ ‘ಆಗದು’.

ಬೆಂಕಿಯ ಕಥೆಗಳನ್ನು ಅವರಿಂದ ಹೊರಡಿಸುವುದು ಕಷ್ಟವಾಗಿತ್ತು. ಬೈಹುಲ್ಲಿನ ರಾಶಿಗೆ ಮೇಲಿನಿಂದ ನೀರು ಹೊಯ್ದು ಪ್ರಯೋಜನವಿಲ್ಲ, ಕೊಕ್ಕೆಯಿಂದ ಎಳೆದು ಬಿಡಿಸದಿದ್ದರೆ ಒಳಗಿನ ಕೆಂಡ ಮರುದಿನ ಮತ್ತೆ ಏಳುತ್ತದೆ ಎಂದಿದ್ದರು. ಮುಳಿಹುಲ್ಲಿನ ಗುಡ್ಡದಲ್ಲಿ ನೀರಿಗಿಂತ ಹಸಿ ಸೊಪ್ಪಿನ ಕೊಂಬೆಯೇ ಮೇಲು. ಗೇರುಬೀಜದ ಸಿಪ್ಪೆಯ ರಾಶಿಯೊಂದು ಹತ್ತಿಕೊಂಡ ರಾತ್ರಿ ಅದರ ಎಣ್ಣೆ ತಾಗಿ ಅವರ ಮೊಣಕೈಯಲ್ಲಿ ಎದ್ದ ಬೊಕ್ಕೆಗಳ ಕಲೆ ಈಗಲೂ ಇದೆ. 1944ರ ಎಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ ಪ್ರತಿ ವರ್ಷ ನಡೆಯುವ ಸೇವಾ ಸಪ್ತಾಹದಲ್ಲಿ ಶಾಲೆಗಳಿಗೆ ಹೋಗುವಾಗ ಮಕ್ಕಳು ಆ ಕಲೆಯನ್ನೇ ಮುಟ್ಟಿ ನೋಡುತ್ತಿದ್ದರು. ಮಾವ ಮಾತ್ರ ಬಾವಿಯ ವಿಷಯ ಹೇಳಿ ಮುಗಿಸುತ್ತಿದ್ದರು.

ವಯಸ್ಸಿನ ಮಿತಿ ಬಂದು ಅವರು ಖಾಕಿ ಕಳಚಿ ಕೆಲವು ವರ್ಷಗಳಾದವು. ಅಂಗಡಿಯನ್ನು ಈಗ ಅವರ ಶಿಷ್ಯ ನೋಡಿಕೊಳ್ಳುತ್ತಾನೆ. ಪುಸ್ತಕದ ಒಂದು ಪ್ರತಿ ಠಾಣೆಯಲ್ಲಿದೆ. ಆದರೂ ಬೇಸಿಗೆ ಬಂತೆಂದರೆ ಅಡಿಗೊಂದು ಗಂಟು ಹಾಕಿದ ಹಗ್ಗ ಹಿಡಿದು ಮಾವ ಸ್ಕೂಟರಿನಲ್ಲಿ ಹೊರಡುತ್ತಾರೆ. ಕಳೆದ ಮೇಯಲ್ಲಿ ನಾನೂ ಜೊತೆಗಿದ್ದೆ. ಎರಡು ಬಾವಿಗಳ ಮೇಲೆ ಕಾಂಕ್ರೀಟು ಮುಚ್ಚಳ ಬಿದ್ದಿತ್ತು, ಒಂದು ಮದಗ ಮಣ್ಣು ತುಂಬಿ ಸೈಟಾಗಿತ್ತು. ಕೊನೆಗೆ ನಮ್ಮ ಅಜ್ಜಿಮನೆಯ ಬಾವಿಗೆ ಹಗ್ಗ ಇಳಿಸಿ, ಗಂಟುಗಳನ್ನು ಎರಡು ಸಲ ಎಣಿಸಿ, ಹಳೆಯ ‘ಆದೀತು’ವಿನ ಮೇಲೆ ಗೆರೆ ಎಳೆದು, 31 ಎಂದು ಬರೆದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.